ಮೂರನೇ ಮಹಡಿಯ ಜಲಪಾತ

ನಮ್ಮ ಕಚೇರಿಯಲ್ಲಿ ಅವಳನ್ನು ಎಲ್ಲರೂ ಚಕ್ರ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲಿಂದ ಹೊರಗೆ ಬರಲೇ ಇಲ್ಲ. ಟೈಪಿಸ್ಟ್ ಆಗಿ ಸೇರಿದ ಮೊದಲ ವಾರದಲ್ಲೇ ಆಗಿನ ಮೇಲ್ವಿಚಾರಕರು, ಈಯಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿರಬೇಕು ಎಂದು ಹೇಳಿ, ನಾಮಕರಣ ಮುಗಿಸಿಬಿಟ್ಟಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಒಂದು ಪುಟ ಟೈಪು ಮಾಡಿದರೆ ಎರಡು ಸಲ ಏಳುತ್ತಿದ್ದಳು. ಕಾಗದ ಮುಗಿಯಿತು, ಪಿನ್ನು ಮುಗಿಯಿತು, ಕೆಳಗಿನ ಮಹಡಿಯ ಗಡಿಯಾರ ಸರಿಯೋ ಮೇಲಿನದು ಸರಿಯೋ ನೋಡಿ ಬರಬೇಕು, ಹೀಗೆ ಏನಾದರೊಂದು ನೆವ. ನಾನು ಅವಳ ಪಕ್ಕದ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೂತವಳು. ಕಡತ ನೋಡಿಕೊಳ್ಳುವ ಗುಮಾಸ್ತೆ. ಕೂರುವುದೇ ನನ್ನ ಕೆಲಸ. ಆದ್ದರಿಂದ ಅವಳ ಕಥೆ ಹೇಳಲು ನನಗಿಂತ ಪುರುಸೊತ್ತಿನವರು ಬೇರೆ ಯಾರೂ ಇಲ್ಲ.

ನಮ್ಮದು ಪ್ರವಾಸೋದ್ಯಮ ಪ್ರಚಾರ ಮಂಡಳಿ. ರಾಜ್ಯ ಸರ್ಕಾರ ಪ್ರತಿವರ್ಷ ಅನುದಾನ ಕೊಡುತ್ತದೆ. ನಾವು ಜಾಹೀರಾತು ಸಂಸ್ಥೆಗಳಿಗೆ ಕೊಡುತ್ತೇವೆ. ಅವರು ನಮ್ಮ ಜಲಪಾತ, ನಮ್ಮ ಸಮುದ್ರ, ನಮ್ಮ ಹಳೇ ಕೋಟೆಗಳ ಚಿತ್ರವನ್ನು ಬೇರೆ ರಾಜ್ಯಗಳ ಊರುಗಳಲ್ಲಿ ದೊಡ್ಡದಾಗಿ ಕಟ್ಟುತ್ತಾರೆ. ಜನ ನೋಡಿ ನಮ್ಮ ಕಡೆ ಬರಬೇಕು, ಅದು ಲೆಕ್ಕಾಚಾರ. ಮೊದಲೆಲ್ಲ ಸಂಸ್ಥೆಯವರು ಫೋಟೋ ಕಳಿಸುತ್ತಿದ್ದರು, ನಾವು ನಂಬಿ ಬಿಲ್ಲು ಪಾಸು ಮಾಡುತ್ತಿದ್ದೆವು. ಒಂದು ವರ್ಷ ಶಾಸನಸಭೆಯಲ್ಲಿ ಒಬ್ಬ ಸದಸ್ಯರು ಎದ್ದು ನಿಂತು, ಹನ್ನೊಂದು ಫಲಕಗಳೆಂದು ಕಳಿಸಿದ ಹನ್ನೊಂದು ಫೋಟೋಗಳಲ್ಲೂ ಒಂದೇ ಫಲಕ ಇದೆ, ಬೇರೆ ಬೇರೆ ಕಡೆಯಿಂದ ತೆಗೆದಿದ್ದಾರೆ ಎಂದು ತೋರಿಸಿಬಿಟ್ಟರು. ಎಲ್ಲದರ ಕೆಳಗೂ ಅದೇ ಮೂರು ಕಾಲಿನ ನಾಯಿ ಮಲಗಿತ್ತಂತೆ. ಅವತ್ತಿನಿಂದ ನಿಯಮ ಬಂತು. ಹೊರರಾಜ್ಯದಲ್ಲಿ ಹಾಕಿದ ಪ್ರತಿಯೊಂದು ಫಲಕವನ್ನೂ ಒಬ್ಬ ಸರ್ಕಾರಿ ನೌಕರ ಕಣ್ಣಾರೆ ಕಂಡು ಸಹಿ ಹಾಕಬೇಕು. ಆಮೇಲೆಯೇ ಮುಂದಿನ ಕಂತು.

ಈ ಕೆಲಸ ಯಾರಿಗೆ ಬೇಕಿತ್ತು? ರೈಲು, ಬಸ್ಸು, ಧೂಳು, ಗೊತ್ತಿಲ್ಲದ ಊರಿನ ನಾಲ್ಕು ರಸ್ತೆ ಕೂಡುವಲ್ಲಿ ಕತ್ತು ಮೇಲೆತ್ತಿ ನಿಲ್ಲುವುದು. ಹಿರಿಯರಿಗೆಲ್ಲ ಒಂದೇ ದಿನದಲ್ಲಿ ಬೆನ್ನು ನೋವು ಶುರುವಾಯಿತು. ಸುತ್ತೋಲೆ ಎರಡನೇ ಮೇಜಿಗೆ ಬರುವ ಮುಂಚೆಯೇ ಚಕ್ರ ಕೈ ಎತ್ತಿದ್ದಳು. ಆಗ ಅವಳಿಗೆ ಮೂವತ್ತನಾಲ್ಕು.

ಆಮೇಲಿನ ಒಂಬತ್ತು ವರ್ಷ ಅವಳು ಮೇಜಿನ ಹತ್ತಿರ ಕೂತದ್ದು ಕಮ್ಮಿ. ಒಂದು ಚೀಲ, ತಾರೀಖು ಬೀಳುವ ಒಂದು ಕ್ಯಾಮೆರಾ, ಒಂದು ಕಟ್ಟು ಫಾರಂ. ಫಾರಂನಲ್ಲಿ ಏಳು ಪ್ರಶ್ನೆ. ಫಲಕ ಇದೆಯೇ, ಹೇಳಿದ ಜಾಗದಲ್ಲೇ ಇದೆಯೇ, ಬಣ್ಣ ಮಾಸಿದೆಯೇ, ಅಕ್ಷರ ಸರಿಯಿದೆಯೇ, ಸಂಜೆ ದೀಪ ಹತ್ತುತ್ತದೆಯೇ, ನೋಟಕ್ಕೆ ಮರ ಕಂಬ ಏನಾದರೂ ಅಡ್ಡ ಇದೆಯೇ, ಕಾಲು ಗಂಟೆಯಲ್ಲಿ ಎದುರಿಗೆ ಎಷ್ಟು ವಾಹನ ಹಾದುಹೋದವು. ಕೊನೆಗೆ ಷರಾ ಎಂದು ಒಂದು ಅಂಕಣ. ಅಲ್ಲಿ ಅವಳು ಯಾವಾಗಲೂ "ಇಲ್ಲ" ಎಂದು ಬರೆಯುತ್ತಿದ್ದಳು. ನಾನು ಆ ಹಾಳೆಗಳಿಗೆ ತೂತು ಹಾಕಿ ಕಡತಕ್ಕೆ ಸೇರಿಸುತ್ತಿದ್ದೆ.

ಅವಳ ಗಂಡ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವನು. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹರಡಿ ಅರ್ಧ ಗಂಟೆ ಕಣ್ಣು ಕದಲಿಸದೆ ನೋಡಬಲ್ಲ ಮನುಷ್ಯ. ಇಬ್ಬರನ್ನೂ ಒಟ್ಟಿಗೆ ನೋಡಿದವರಿಗೆ ಈ ಜೋಡಿ ಹೇಗಾಯಿತು ಎಂದು ಆಶ್ಚರ್ಯವಾಗುತ್ತಿತ್ತು. ಅಡುಗೆ, ಮಗಳ ಜಡೆ, ಮಗಳ ಪಾಠ, ಎಲ್ಲ ಅವನದೇ. ಜೊತೆಗೆ ಅವನ ತಾಯಿ ಇದ್ದರು, ಮಾತಿನಲ್ಲಿ ಗಟ್ಟಿಗಿತ್ತಿ. "ನನ್ನ ಸೊಸೆ ಮನೆಗೆ ಬರೋದು ರೈಲು ಬದಲಾಯಿಸೋಕೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಸಿಟ್ಟಿನಿಂದಲ್ಲ, ಬೇರೆ ಊರಿನ ಹವಾಮಾನ ಹೇಳುವ ಹಾಗೆ.

ಊರಿನಿಂದ ಬಂದ ಮೇಲೆ ಎರಡು ದಿನ ಚಕ್ರ ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ, ಒಳ್ಳೆಯ ಸೊಸೆ. ಮೂರನೇ ದಿನ ಬೀರು ಸರಿಸಲು ಶುರು ಮಾಡುತ್ತಿದ್ದಳು. ಈ ಗೋಡೆಯ ಬೀರು ಆ ಗೋಡೆಗೆ, ಆ ಗೋಡೆಯ ಮಂಚ ಈ ಗೋಡೆಗೆ. ಬೀರು ಕದಲಿದ ಸದ್ದು ಕೇಳಿದರೆ ಗಂಡ ಕ್ಯಾಲೆಂಡರು ನೋಡುತ್ತಿದ್ದ, ಮುಂದಿನ ಪ್ರವಾಸ ಯಾವಾಗ ಎಂದು. ಅವಳು ಒಮ್ಮೆ ನನಗೆ ಹೇಳಿದ್ದಳು, ಬಸ್ಸು ಓಡುತ್ತಿದ್ದರೆ ತಲೆ ಸುಮ್ಮನಿರುತ್ತದೆ, ಮನೆಯಲ್ಲಿ ಕೂತರೆ ತಲೆಯೇ ಓಡಲು ಶುರು ಮಾಡುತ್ತದೆ ಎಂದು. ಎಲ್ಲಿಗೆ ಓಡುತ್ತೆ ಎಂದು ನಾನು ಕೇಳಿದೆ. ಅದು ಗೊತ್ತಿದ್ದರೆ ಅಲ್ಲಿಗೇ ಟಿಕೆಟ್ ತಗೋತಿದ್ದೆ ಎಂದಳು.

ಮಗಳಿಗೆ ಹದಿಮೂರಾದಾಗ ಒಂದು ದಿನ ಊಟಕ್ಕೆ ಕೂತಿದ್ದಾಗ ಕೇಳಿದಳಂತೆ: "ಅಮ್ಮಾ, ನನ್ನ ಕ್ಲಾಸ್ ಟೀಚರ್ ಯಾರು ಹೇಳು ನೋಡೋಣ." ಚಕ್ರಳಿಗೆ ಗೊತ್ತಿರಲಿಲ್ಲ. ನಾಲ್ಕು ಊರುಗಳ ಇಪ್ಪತ್ತಾರು ಫಲಕಗಳ ವಿಳಾಸವನ್ನು ಸಾಲಾಗಿ ಹೇಳುವವಳಿಗೆ ಅದೊಂದು ಗೊತ್ತಿರಲಿಲ್ಲ. ಮರುದಿನ ಕಚೇರಿಯಲ್ಲಿ ಇದನ್ನು ನಗುತ್ತಲೇ ಹೇಳಿದಳು. ಹೇಳಿ ಮುಗಿಸಿದವಳು ಎದ್ದು ಹೋಗಿ ಕಟ್ಟಡಕ್ಕೆ ಮೂರು ಸುತ್ತು ಹಾಕಿ ಬಂದಳು. ಕಿಟಕಿಯಿಂದ ನಾನು ಎಣಿಸಿದೆ.

ಹತ್ತನೇ ವರ್ಷ ಹೊಸ ನಿರ್ದೇಶಕರು ಬಂದರು. ಕೆಟ್ಟ ಮನುಷ್ಯರೇನಲ್ಲ, ಅವಸರದವರು. ಅದುವರೆಗೆ ಸಣ್ಣ ಸಣ್ಣದಾಗಿ ಹಂಚುತ್ತಿದ್ದ ಅನುದಾನವನ್ನೆಲ್ಲ ಒಟ್ಟುಗೂಡಿಸಿ ಒಂದೇ ದೊಡ್ಡ ಪ್ರಚಾರ ಮಾಡಿದರು. ಒಂದೇ ಚಿತ್ರ, ನಮ್ಮ ಜಲಪಾತ. ಒಂದೇ ಸಾಲು: "ಒಮ್ಮೆ ಬನ್ನಿ, ಮನಸ್ಸು ಇಲ್ಲೇ ಉಳಿಯುತ್ತದೆ." ಅದರಲ್ಲಿನ ಅಲ್ಪವಿರಾಮ ನನ್ನದು. ದೂರದ ಒಂದು ಮಹಾನಗರದಲ್ಲಿ ಅಂಥ ನಲವತ್ತು ಫಲಕ. ಫಲಕಗಳು ಏರಿದ ಮೇಲೂ ನಮ್ಮ ಕಡತ ಒಂದು ವಿಭಾಗದಿಂದ ಇನ್ನೊಂದಕ್ಕೆ ಎಂಟು ತಿಂಗಳು ಓಡಾಡಿತು. ಕೊನೆಗೆ ಬಜೆಟ್ ಅಧಿವೇಶನ ಹತ್ತಿರವಾದಾಗ ಎಲ್ಲರಿಗೂ ಎಚ್ಚರವಾಯಿತು. ತಿಂಗಳ ಕೊನೆಯೊಳಗೆ ಪರಿಶೀಲನೆ ಮುಗಿಯದಿದ್ದರೆ ಎರಡನೆಯದೂ ಕೊನೆಯದೂ ಆದ ಕಂತು ಸರ್ಕಾರಕ್ಕೇ ವಾಪಸು. ನಿರ್ದೇಶಕರು ಚಕ್ರಳನ್ನು ಕರೆದು, ನಿಮ್ಮ ಮೇಲೆ ಎಲ್ಲ ನಿಂತಿದೆ ಎಂದರು. ಅವಳು ಆ ಮಾತಿನ ಭಾರ ಗಮನಿಸಲಿಲ್ಲ. ಹೊಸ ಊರು ಎನ್ನುವುದಷ್ಟೇ ಅವಳ ಕಿವಿಗೆ ಬಿದ್ದದ್ದು.

ಐದು ದಿನದಲ್ಲಿ ಮೂವತ್ತೊಂಬತ್ತು ಫಲಕ ನೋಡಿದಳು. ಎಲ್ಲ ಸರಿಯಿತ್ತು. ನಲವತ್ತನೆಯದು ಬಸ್ ನಿಲ್ದಾಣದ ಎದುರಿಗಿನ ಐದು ಮಹಡಿಯ ಕಟ್ಟಡದ ಮುಂಭಾಗದಲ್ಲಿತ್ತು. ಎರಡನೇ ಮಹಡಿಯಿಂದ ನಾಲ್ಕನೆಯದರವರೆಗೆ ಇಳಿಬಿಟ್ಟ ಒಂದೇ ದಪ್ಪ ಪ್ಲಾಸ್ಟಿಕ್ ಹಾಳೆ. ಮೇಲ್ಸೇತುವೆಯ ಮೇಲೆ ಹೋಗುವ ಒಂದೊಂದು ಗಾಡಿಗೂ ಕಾಣುತ್ತಿತ್ತು. ನಲವತ್ತರಲ್ಲಿ ಇದಕ್ಕಿಂತ ಚೆನ್ನಾದ ಜಾಗ ಇನ್ನೊಂದಿರಲಿಲ್ಲ. ದೀಪವನ್ನು ಹಿಂದಿನ ಸಂಜೆಯೇ ನೋಡಿದ್ದಳು. ಬೆಳಿಗ್ಗೆ ಹತ್ತೂವರೆಗೆ ಏಳು ಪ್ರಶ್ನೆಗಳಿಗೂ ಉತ್ತರ ಬರೆದು ಮುಗಿಯಿತು. ರೈಲಿಗೆ ಇನ್ನೂ ನಾಲ್ಕು ಗಂಟೆ ಇತ್ತು.

ಬೇರೆ ಯಾರೇ ಆಗಿದ್ದರೂ ಎದುರಿನ ಹೋಟೆಲಿನಲ್ಲಿ ಕೂತು ಒಂದು ಚಹಾ ಕುಡಿದು ಕಾಲು ಚಾಚುತ್ತಿದ್ದರು. ಚಕ್ರಳಿಗೆ ಕೂರಲು ಬರುವುದಿಲ್ಲವಲ್ಲ. ಕಟ್ಟಡವನ್ನು ಸುತ್ತು ಹಾಕಿದಳು. ಪಕ್ಕದ ಓಣಿಯಿಂದ ನೋಡಿದರೆ, ಹಾಳೆಯ ಅಂಚಿನ ಹಗ್ಗಗಳು ಅದರ ಹಿಂದೆಯೇ ಇದ್ದ ಮೂರನೇ ಮಹಡಿಯ ಒಂದು ಕಿಟಕಿಯ ಸರಳಿಗೆ ಕಟ್ಟಿದ್ದು ಕಂಡಿತು. ಸರಳಿನ ಒಳಗೆ ಮಡಚಿದ ಒಂದು ಬಟ್ಟೆ. ಕಿಟಕಿ ಇದೆ ಅಂದರೆ ಒಳಗೆ ಯಾರೋ ಇದ್ದಾರೆ. ಯಾರು ಎಂದು ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದೇ ಇತ್ತು. ಒಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಮಡಿಲಲ್ಲಿ ಒಂದು ಉಣ್ಣೆಯ ಕೋಟು ಇಟ್ಟುಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಸೂಜಿಗೆ ದಾರ ಪೋಣಿಸುತ್ತಿದ್ದರು. ರಫು ಹಾಕುವುದು ಅವರ ಕಸುಬು. ಸುಟ್ಟ, ಹರಿದ, ಹುಳು ತಿಂದ ಬಟ್ಟೆಯ ತೂತನ್ನು ಅದೇ ಬಣ್ಣದ ದಾರದಿಂದ ಎಳೆ ಎಳೆಯಾಗಿ ನೇಯ್ದು, ತೂತು ಎಲ್ಲಿತ್ತು ಎಂದು ತಿಳಿಯದ ಹಾಗೆ ಮುಚ್ಚುವ ಕೆಲಸ. ಕಟ್ಟಡದವರೆಲ್ಲ ಅವರನ್ನು ರಫು ಅಮ್ಮ ಎನ್ನುತ್ತಿದ್ದರು.

"ಯಾರ ಕಡೆಯವರು ನೀವು?" ಎಂದು ಅವರು ಕೇಳಿದರು.

"ಬೋರ್ಡು ನೋಡೋಕೆ ಬಂದಿದ್ದೆ. ಸರ್ಕಾರದಿಂದ."

"ಹೊರಗಿಂದ ನೋಡಿದ್ರಾ?"

"ನೋಡಿದೆ."

"ಹಂಗಾದ್ರೆ ಒಳಗಿಂದಾನೂ ನೋಡಿ. ಬನ್ನಿ."

ಕೋಣೆಗೆ ಎರಡು ದೊಡ್ಡ ಕಿಟಕಿ. ಎರಡರ ತುಂಬಾ ಬೂದು ಬಣ್ಣದ ಹಾಳೆಯ ಬೆನ್ನು. ಅದರ ಮೇಲೆ "ಉಳಿಯುತ್ತದೆ" ಎಂಬ ಅಕ್ಷರಗಳು ತಿರುಗುಮುರುಗಾಗಿ ಮಸುಕಾಗಿ ಕಾಣುತ್ತಿದ್ದವು. ಗಾಳಿ ಬಂದಾಗ ಹಾಳೆ ಸರಳಿಗೆ ಧಪ್ಪನೆ ಬಡಿಯುತ್ತಿತ್ತು, ಯಾರೋ ತಡೆದು ತಡೆದು ಬಾಗಿಲು ತಟ್ಟಿದ ಹಾಗೆ. ಎಂಟು ತಿಂಗಳ ಹಿಂದೆ ಒಂದು ದಿನ ರಫು ಅಮ್ಮ ಪೇಟೆಗೆ ಹೋಗಿ ಬರುವುದರೊಳಗೆ ಕಟ್ಟಿ ಹೋಗಿದ್ದರಂತೆ. ಮನೆ ಮಾಲೀಕ, ಸರ್ಕಾರದ ಬೋರ್ಡು, ಮುಟ್ಟಿದರೆ ಕೇಸಾಗುತ್ತೆ ಎಂದನಂತೆ. ಬಾಡಿಗೆಯ ಮನೆ, ಬಾಯಿ ಮುಚ್ಚಿಕೊಂಡಿದ್ದರು.

ಅವರು ಎರಡು ದಾರದ ಉಂಡೆಗಳನ್ನು ಚಕ್ರಳ ಕೈಗೆ ಕೊಟ್ಟರು. ಇದರಲ್ಲಿ ನೀಲಿ ಯಾವುದು, ಹಸಿರು ಯಾವುದು ಹೇಳಿ ಎಂದರು. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿ ಚಕ್ರ ಎಡಗೈಯದು ನೀಲಿ ಎಂದಳು. ಮೆಟ್ಟಿಲ ಹತ್ತಿರ ಒಂದು ಸಣ್ಣ ಕಿಂಡಿ ಇದೆ, ಅಲ್ಲಿ ಹೋಗಿ ನೋಡಿ ಬನ್ನಿ ಎಂದರು. ಹೋಗಿ ನೋಡಿದಳು. ಬಿಸಿಲಿನಲ್ಲಿ ಎಡಗೈಯದು ಹಸಿರಾಗಿತ್ತು.

"ಮೊದಮೊದಲು ಒಂದೊಂದು ಎಳೆಗೂ ಮೆಟ್ಟಿಲಿಗೆ ಓಡ್ತಿದ್ದೆ," ಎಂದರು ರಫು ಅಮ್ಮ. "ಮಂಡಿ ಹಿಡ್ಕೊಳ್ತು. ಈಗ ಅಂದಾಜಿನ ಮೇಲೆ ಹಾಕ್ತೀನಿ. ಬಟ್ಟೆ ವಾಪಸ್ ಬರುತ್ತೆ."

ಆಮೇಲೆ, ಅಷ್ಟು ನೀರು ನಿಜವಾಗಿಯೂ ಬೀಳುತ್ತದಾ ಎಂದು ಕೇಳಿದರಂತೆ. ಮಳೆಗಾಲದಲ್ಲಿ ಎರಡು ತಿಂಗಳು ಬೀಳುತ್ತದೆ, ಉಳಿದ ದಿನ ಬರೀ ಕಲ್ಲು ಎಂದು ಚಕ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಲ್ಲಿನ ಚಿತ್ರ ಹಾಕಿದರೆ ಯಾರು ಬರುತ್ತಾರೆ ಬಿಡಿ ಎಂದು ರಫು ಅಮ್ಮ ನಕ್ಕರು. ಹೊರಡುವಾಗ ಏನನ್ನೂ ಕೇಳಲಿಲ್ಲ. ಬಿಚ್ಚಿಸಿ ಎನ್ನಲಿಲ್ಲ, ಮೇಲಿನವರಿಗೆ ಹೇಳಿ ಎನ್ನಲಿಲ್ಲ. ಕೋಟು ಎತ್ತಿಕೊಂಡು ಮತ್ತೆ ಸೂಜಿ ಹಿಡಿದರು. ಕೇಳಿದ್ದರೆ, ನನ್ನ ಕೈಲಿ ಇಲ್ಲಮ್ಮ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ, ಅವರು ಕೇಳದೇ ಇದ್ದದ್ದೇ ಕಷ್ಟಕ್ಕೆ ಬಂತು ಎಂದು ಚಕ್ರ ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

ರೈಲಿನಲ್ಲಿ ಫಾರಂ ತೆಗೆದು ಆರನೇ ಪ್ರಶ್ನೆಯನ್ನು ಮತ್ತೆ ಓದಿದಳು. ಫಲಕಕ್ಕೆ ಏನಾದರೂ ಅಡ್ಡ ಇದೆಯೇ ಎಂದು ಕೇಳಿತ್ತು. ಫಲಕ ಯಾರಿಗಾದರೂ ಅಡ್ಡ ಇದೆಯೇ ಎಂದು ಕೇಳಿರಲಿಲ್ಲ. ಮೂರು ನಿಲ್ದಾಣ ದಾಟುವವರೆಗೆ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದು, ಕೊನೆಗೆ ಷರಾ ಅಂಕಣದಲ್ಲಿ ಬರೆದಳು: "ಈ ಫಲಕವು ಮೂರನೇ ಮಹಡಿಯ ಒಂದು ವಾಸದ ಮನೆಯ ಎರಡೂ ಕಿಟಕಿಗಳನ್ನು ಪೂರ್ತಿ ಮುಚ್ಚಿದೆ. ಒಳಗೆ ಹಗಲಿನಲ್ಲೂ ಬೆಳಕಿಲ್ಲ."

ಆ ಹಾಳೆಗೆ ತೂತು ಹಾಕಲು ಹೊರಟವಳು ಷರಾ ನೋಡಿ ಕೈಯಲ್ಲಿದ್ದ ಯಂತ್ರ ಕೆಳಗಿಟ್ಟೆ. ಷರಾದಲ್ಲಿ "ಇಲ್ಲ" ಬಿಟ್ಟು ಬೇರೇನಾದರೂ ಬರೆದಿದ್ದರೆ ಅದಕ್ಕೆ ಉತ್ತರ ಬರುವವರೆಗೆ ಬಿಲ್ಲು ಪಾಸಾಗುವಂತಿಲ್ಲ, ನಿಯಮವೇ ಹಾಗಿದೆ. ನಲವತ್ತು ಫಲಕಕ್ಕೂ ಒಂದೇ ಬಿಲ್ಲು. ಲೆಕ್ಕಾಧಿಕಾರಿ ಒಂದು ಸಲ ಓದಿ, ಕನ್ನಡಕ ಒರೆಸಿ, ಇನ್ನೊಂದು ಸಲ ಓದಿ, ಕಡತವನ್ನು ಬಿಸಿ ಪಾತ್ರೆ ಇಳಿಸಿದ ಹಾಗೆ ನಿರ್ದೇಶಕರ ಮೇಜಿನ ಮೇಲೆ ಇಟ್ಟು ಬಂದರು.

ನಿರ್ದೇಶಕರು ಕೂಗಾಡಲಿಲ್ಲ. ಚಕ್ರಳನ್ನು ಎದುರಿಗೆ ಕೂರಿಸಿಕೊಂಡರು. ಕಡತ ಹಿಡಿದು ನಾನೂ ಅಲ್ಲೇ ನಿಂತಿದ್ದೆ.

"ಬೋರ್ಡು ಇದೆಯಾ?" ಎಂದರು.

"ಇದೆ ಸರ್."

"ಕಾಣುತ್ತಾ?"

"ಚೆನ್ನಾಗಿ ಕಾಣುತ್ತೆ."

"ಮತ್ತೆ ಇನ್ನೇನು?"

"ಅದರ ಹಿಂದೆ ಒಬ್ರು ಇದ್ದಾರೆ ಸರ್."

ಅದು ಅವರಿಗೂ ಮನೆ ಮಾಲೀಕನಿಗೂ ಬಿಟ್ಟ ವಿಷಯ, ಜನರನ್ನು ನಮ್ಮ ರಾಜ್ಯಕ್ಕೆ ಕರೆಯುವುದಷ್ಟೇ ನಮ್ಮ ಕೆಲಸ ಎಂದು ನಿರ್ದೇಶಕರು ಸಮಾಧಾನದಿಂದಲೇ ವಿವರಿಸಿದರು. ಷರಾದಲ್ಲಿ ಎಂದಿನ ಹಾಗೆ ಇಲ್ಲ ಎಂದು ಹಾಕಿ ಇನ್ನೊಂದು ಹಾಳೆ ಬರೆದುಕೊಡಿ ಎಂದರು. ಚಕ್ರ ಆಗಲಿ ಎನ್ನಲೂ ಇಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ಯೋಚಿಸುತ್ತೇನೆ ಎಂದಳು. ಹಾಗಾದರೆ ಯೋಚಿಸುವವರೆಗೆ ಪ್ರವಾಸ ಬೇಡ ಎಂದರು ಅವರು. ಅದು ಶಿಕ್ಷೆ ಎಂದು ಅವರಿಗೇ ಗೊತ್ತಿರಲಿಕ್ಕಿಲ್ಲ.

ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ಮೂರು ವಾರ ಒಂದೇ ಊರಿನಲ್ಲಿದ್ದಳು. ಬಾಲ ಸುಟ್ಟ ಬೆಕ್ಕಿನ ಹಾಗೆ ಆಡಿದಳು. ನನ್ನ ಕಡತಗಳನ್ನೆಲ್ಲ ಕೆಳಗಿಳಿಸಿ ಬಣ್ಣದ ಪ್ರಕಾರ ಜೋಡಿಸಿದಳು, ಮರುದಿನ ವರ್ಷದ ಪ್ರಕಾರ ಜೋಡಿಸಿದಳು. ಮನೆಯಲ್ಲಿ ಬೀರು ನಾಲ್ಕು ಗೋಡೆಗಳನ್ನೂ ಸುತ್ತಿ ಬಂತು. "ಇದಕ್ಕೂ ಪ್ರಯಾಣ ಭತ್ಯೆ ಕೊಡ್ಸಮ್ಮ" ಎಂದರಂತೆ ಅತ್ತೆ. ಗಂಡ ಮಾತ್ರ ಒಂದು ಸಂಜೆ, ಷರಾದ ಆ ಸಾಲು ನಿಜ ತಾನೇ ಎಂದು ಕೇಳಿದ. ನಿಜ ಎಂದಳು. ಹಾಗಾದರೆ ನಾನಾಗಿದ್ದರೆ ಅದನ್ನು ಹಾಗೇ ಇರಲು ಬಿಡುತ್ತಿದ್ದೆ, ರಕ್ತದಲ್ಲಿ ಇದ್ದದ್ದನ್ನು ಇಲ್ಲ ಎಂದು ಬರೆದರೆ ನನಗೆ ನಿದ್ದೆ ಬರುವುದಿಲ್ಲ ಎಂದು ಹೇಳಿ ಪೇಪರು ಓದಲು ಕೂತನಂತೆ.

ಅವಳನ್ನು ದೊಡ್ಡ ಸತ್ಯವಂತೆ ಎಂದು ನಾನು ಬಣ್ಣಿಸಲಾರೆ. ಎರಡು ಸಲ ಹೊಸ ಫಾರಂ ತೆಗೆದುಕೊಂಡು ನನ್ನ ಮೇಜಿನ ಮೂಲೆಯಲ್ಲೇ ಬರೆಯಲು ಕೂತಿದ್ದಳು. ಹಿಂದೆ ದೀಪ ಕೆಟ್ಟ ಫಲಕಗಳಿಗೆ ದೀಪ ಇದೆ ಎಂದು ಬರೆದದ್ದುಂಟು, ಅದನ್ನೂ ಅವಳೇ ಹೇಳಿದಳು. "ಆ ದಾರ ನೆನಪಾಗುತ್ತೆ ಕಣೆ," ಎಂದಳು. "ನನ್ನ ಕಣ್ಣಿಂದ ನೋಡಿ ನಾನೇ ತಪ್ಪು ಹೇಳಿದ್ನಲ್ಲ. ಕಣ್ಣಾರೆ ಕಂಡು ಸಹಿ ಹಾಕೋದೇ ನನ್ನ ಕೆಲಸ." ಎರಡು ಸಲವೂ ಹಾಳೆ ಮಡಚಿ ಚೀಲಕ್ಕೆ ಹಾಕಿ ಎದ್ದುಹೋದಳು.

ಅಷ್ಟರಲ್ಲಿ ಶಾಸನಸಭೆಯ ಸಮಿತಿ ಬಂತು. ಮಂಡಳಿಗೆ ಕೊಟ್ಟ ಅನುದಾನ ಏನಾಯಿತು ಎಂದು ವರ್ಷಕ್ಕೊಮ್ಮೆ ಕೇಳುವ ಸಮಿತಿ. ತಡೆ ಹಿಡಿದ ಬಿಲ್ಲುಗಳ ಪಟ್ಟಿ ಕೇಳಿದರು. ಪಟ್ಟಿಯಲ್ಲಿ ಒಂದೇ ಇತ್ತು. ಆ ಷರಾ ಬರೆದವರನ್ನೇ ಕರೆಸಿ ಎಂದರು.

ಉದ್ದನೆಯ ಮೇಜು, ಮುಚ್ಚಳ ಹಾಕಿದ ನೀರಿನ ಲೋಟಗಳು, ಗುಂಡಿ ಒತ್ತಿದರೆ ಮಾತ್ರ ಕೆಲಸ ಮಾಡುವ ಮೈಕು. ಚಕ್ರ ಕುರ್ಚಿಯ ತುದಿಯಲ್ಲಿ ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದಳು. ವಿರೋಧ ಪಕ್ಷದ ಒಬ್ಬ ಸದಸ್ಯರಿಗೆ ಇದರಲ್ಲಿ ದೊಡ್ಡ ಹಗರಣ ಬೇಕಿತ್ತು. ಇದರಿಂದ ಯಾರಿಗೆ ಲಾಭವಾಯಿತು, ಯಾರ ಒತ್ತಡವಿತ್ತು ಎಂದು ಸುತ್ತಿ ಬಳಸಿ ಕೇಳಿದರು. ಅದೆಲ್ಲ ಗೊತ್ತಿಲ್ಲ, ನಾನು ನೋಡಿದ್ದು ಕಿಟಕಿ ಎಂದಳು. ಆಳುವ ಪಕ್ಷದವರಿಗೆ ಧೈರ್ಯ ಬಂತು. ಹಿರಿಯ ಸದಸ್ಯೆಯೊಬ್ಬರು, ಹೋಗಲಿ ಬಿಡಿ, ಆ ಬೋರ್ಡು ನೋಡಿ ಎಷ್ಟು ಜನ ನಮ್ಮಲ್ಲಿಗೆ ಬಂದಿರಬಹುದು, ನಿಮಗೆ ಹತ್ತು ವರ್ಷದ ಅನುಭವ ಇದೆಯಲ್ಲ ಎಂದು ಅಕ್ಕರೆಯಿಂದ ಕೇಳಿದರು.

ಚಕ್ರ ಗುಂಡಿ ಒತ್ತಿದಳು. "ಬೋರ್ಡ್ ಮುಂದೆ ಹೋದ ಗಾಡಿ ಎಣಿಸಿದ್ದೀನಿ ಮೇಡಂ. ಗಾಡೀಲಿದ್ದೋರು ತಲೆ ಎತ್ತಿ ನೋಡಿದ್ರಾ ಅಂತ ಎಣಿಸಿಲ್ಲ. ಫಾರಂನಲ್ಲಿ ಕೇಳಿಲ್ಲ."

ನಿರ್ದೇಶಕರು ಲೋಟದ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚಿದರು. ಅವಳು ಕೇಳಿದ್ದಕ್ಕೆ ಉತ್ತರ ಹೇಳಿದ್ದಳು, ಅಷ್ಟೆ. ಆದರೆ ಆ ಮಾತು ಸಮಿತಿಯ ತಲೆಯಲ್ಲಿ ಹುಳ ಬಿಟ್ಟಿತು. ಮೂರು ತಿಂಗಳಿಗೆ ವರದಿ ಬಂತು. ಬೀದಿ ಫಲಕಗಳಿಂದ ಪ್ರಯೋಜನ ಎಷ್ಟು ಎಂದು ತೋರಿಸಲು ದಾಖಲೆಯಿಲ್ಲ, ಅವನ್ನು ನಿಲ್ಲಿಸಬೇಕು. ಅನುದಾನವನ್ನು ಫೋನಿನಲ್ಲಿ ಬರುವ ಜಾಹೀರಾತಿಗೆ ಕೊಡಬೇಕು, ಅಲ್ಲಿ ಎಷ್ಟು ಜನ ನೋಡಿದರು ಎಂಬುದು ತಾನಾಗಿಯೇ ದಾಖಲಾಗುತ್ತದೆ. ಫಲಕ ನೋಡಲು ಹೋಗುವ ಹುದ್ದೆ ರದ್ದು.

ವರದಿಯ ಪ್ರತಿ ಓದಿ ನನಗೆ ಅವಳ ಮೇಲೇ ಸಿಟ್ಟು ಬಂತು. ಗೊತ್ತಿಲ್ಲ ಎಂದಿದ್ದರೆ ಸಾಕಿತ್ತಲ್ಲ ಎಂದೆ. ಅವಳು ಕಿಟಕಿಯ ಹತ್ತಿರ ನಿಂತಿದ್ದಳು. "ಎಲ್ಲ ನಿಲ್ಲಿಸ್ತಾರೆ ಅಂದ್ರೆ, ಆ ಬೋರ್ಡು ಇಳಿಸ್ತಾರೆ ತಾನೇ?" ಎಂದು ಕೇಳಿದಳು.

ಇಳಿಸಲಿಲ್ಲ. ಇಳಿಸುವ ಕೆಲಸ ಕೊನೆಯ ಕಂತಿಗೆ ಸೇರಿತ್ತು. ಕೊನೆಯ ಕಂತು ಬರುವುದಿಲ್ಲ ಎಂದ ಮೇಲೆ ಜಾಹೀರಾತು ಸಂಸ್ಥೆಯವರು ನಮ್ಮದಲ್ಲ ಎಂದರು. ಮನೆ ಮಾಲೀಕ ಸರ್ಕಾರದ ವಸ್ತು, ನಾನು ಮುಟ್ಟಲ್ಲ ಎಂದ. ನಮ್ಮ ಕಚೇರಿ, ಕಡತ ಮುಕ್ತಾಯವಾಗಿದೆ ಎಂದಿತು. ಉಳಿದ ಮೂವತ್ತೊಂಬತ್ತನ್ನು ಆಯಾ ಜಾಗದವರು ಕಿತ್ತು ಬೇರೆ ಜಾಹೀರಾತು ಹಾಕಿಕೊಂಡರು. ಇದೊಂದು ನಿಂತಿತು. ಚಕ್ರ ಮೂರು ಕಾಗದ ಬರೆದಳು, ಮೂರಕ್ಕೂ ನಾನೇ ಸ್ವೀಕೃತಿ ಸಂಖ್ಯೆ ಹಾಕಿದೆ. ಆರು ತಿಂಗಳು ಕಳೆಯಿತು. ಆಮೇಲೆ ಅವಳು ಒಂದು ವಾರ ರಜೆ ಬರೆದಳು. ಕಾರಣ ಎಂಬಲ್ಲಿ "ಸ್ವಂತ ಕೆಲಸ" ಎಂದಿತ್ತು.

ಮಗಳಿಗೆ ಆಗ ಹದಿನಾರು, ಶಾಲೆಗೆ ರಜೆ. ನಾನೂ ಬರ್ತೀನಿ ಎಂದು ಹಟ ಹಿಡಿದಳು. ಇಷ್ಟು ವರ್ಷ ಅಮ್ಮ ನಮ್ಮನ್ನು ಬಿಟ್ಟು ಏನು ನೋಡಲು ಹೋಗುತ್ತಿದ್ದಳೋ ಅದನ್ನು ನೋಡಬೇಕು ಎಂದಳಂತೆ. ಮಾತಿನಲ್ಲಿ ಚುಚ್ಚು ಇತ್ತು. ಚಕ್ರ ಎರಡು ಟಿಕೆಟ್ ತೆಗೆದಳು.

ರೈಲಿನ ವಿಷಯ ಹೇಳಿದ್ದು ಮಗಳೇ. ಅಮ್ಮ ಕಿಟಕಿಯ ಪಕ್ಕ ಕೂತವಳು ಏಳು ಗಂಟೆ ಕಾಲ ಮೇಲೇಳಲೇ ಇಲ್ಲವಂತೆ. ಕೈ ಮಡಿಲಲ್ಲಿ, ಕಣ್ಣು ಹೊರಗೆ. ಇವಳಿಗೆ ಗಾಬರಿಯಾಗಿ ಮೈ ಮುಟ್ಟಿ ನೋಡಿದಳಂತೆ, ಜ್ವರ ಏನಾದರೂ ಇದೆಯಾ ಎಂದು. ನನ್ನ ಅಮ್ಮ ಕೂತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು ಎಂದು ಹೇಳುವಾಗ ಆ ಹುಡುಗಿ ನಗಲಿಲ್ಲ.

ಮನೆ ಮಾಲೀಕ ಸುಲಭಕ್ಕೆ ಬಗ್ಗಲಿಲ್ಲ. ನಾಳೆ ಸರ್ಕಾರ ನನ್ನ ಕುತ್ತಿಗೆಗೆ ಬಂದರೆ ಎಂದ. ಬರೆದುಕೊಡಿ, ಸಹಿ ಹಾಕಿ ಎಂದ. ಚಕ್ರ ಚೀಲದಿಂದ ಒಂದು ಹಳೇ ಫಾರಂ ತೆಗೆದು ಅದರ ಬೆನ್ನಿಗೆ, ಈ ಫಲಕವನ್ನು ನನ್ನ ಸಮಕ್ಷಮದಲ್ಲಿ ಇಳಿಸಲಾಯಿತು ಎಂದು ಬರೆದು ಸಹಿ ಹಾಕಿದಳು. ಕೆಳಗೆ ಹುದ್ದೆಯ ಹೆಸರನ್ನೂ ಬರೆದಳು, ಆರು ತಿಂಗಳ ಹಿಂದೆ ಇಲ್ಲವಾಗಿದ್ದ ಹುದ್ದೆ. ಆ ಊರಿನಲ್ಲಿ ಫಲಕ ಹತ್ತುವ ಕೆಲಸದವನೊಬ್ಬ ಹಿಂದಿನ ಸಲ ಬಂದಾಗ ಅವಳಿಗೆ ಪರಿಚಯವಾಗಿದ್ದ, ಎಲ್ಲರೂ ಅವನನ್ನು ಏಣಿ ಎನ್ನುತ್ತಿದ್ದರು. ಮರುದಿನ ಬೆಳಿಗ್ಗೆ ಅವನು ಬಂದು ಮಹಡಿಯಿಂದ ಮಹಡಿಗೆ ಹಗ್ಗ ಕೊಯ್ಯುತ್ತ ಬಂದ.

ಹಾಳೆ ನೆಟ್ಟಗೆ ಬೀಳಲಿಲ್ಲ. ಒಂದು ಮೂಲೆ ಕಳಚಿ, ತಿರುಚಿ, ಮೊದಲನೇ ಮಹಡಿಯ ದಂತವೈದ್ಯರ ನಾಮಫಲಕಕ್ಕೆ ಸಿಕ್ಕಿಹಾಕಿಕೊಂಡು, ಅರ್ಧ ರಸ್ತೆಯ ಮೇಲೆ ಜೋತುಬಿತ್ತು. ಬಸ್ಸುಗಳು ನಿಂತವು. ಸಂಚಾರಿ ಪೊಲೀಸ್ ಬಂದು, ಪರವಾನಗಿ ಎಲ್ಲಿ ಎಂದು ಚಕ್ರಳಿಗೆ ಜೋರು ಮಾಡಿದ. ಅವಳು ಹಾಳೆಯ ಇನ್ನೊಂದು ತುದಿ ಅವನ ಕೈಗೆ ಕೊಟ್ಟು, ಎಳೀರಿ ಎಂದಳು. ಏನು ತೋಚಿತೋ, ಅವನೂ ಎಳೆದ.

ಮಗಳು ಆಗ ಮೇಲೆ ರಫು ಅಮ್ಮನ ಕೋಣೆಯಲ್ಲಿದ್ದಳು. ಬೆಳಕು ಒಮ್ಮೆಗೇ ನುಗ್ಗಿತಂತೆ. ಇಬ್ಬರೂ ಕಣ್ಣು ಮುಚ್ಚಿಕೊಂಡರಂತೆ. ಕಣ್ಣು ಬಿಟ್ಟ ರಫು ಅಮ್ಮ ಮೊದಲು ನೋಡಿದ್ದು ಗೋಡೆಯನ್ನು. ಒಂದೂವರೆ ವರ್ಷದ ಧೂಳು, ಜೇಡರ ಬಲೆ, ಬೂಷ್ಟು ಎಲ್ಲ ಒಟ್ಟಿಗೆ ಎದ್ದು ಕಂಡವು. ಬಂದವರ ಎದುರಿಗೆ ಇಂಥ ಮನೆ ಎಂದು ನಾಚಿಕೊಂಡು, ಸಂತೋಷಪಡುವುದನ್ನು ಬಿಟ್ಟು ಪೊರಕೆ ಹುಡುಕಿದರಂತೆ. ಗುಡಿಸಿ ಆದ ಮೇಲೆ ದಾರದ ಡಬ್ಬಿಗಳನ್ನೆಲ್ಲ ಕಿಟಕಿಯ ಕಟ್ಟೆಗೆ ಸುರಿದರು. ಕಂದು ಡಬ್ಬಿಯಲ್ಲಿ ನೇರಳೆ, ನೀಲಿಯಲ್ಲಿ ಹಸಿರು, ಬಿಳಿಯಲ್ಲಿ ತಿಳಿ ಹಳದಿ. ಇಬ್ಬರೂ ಕೂತು ಸಂಜೆಯವರೆಗೆ ಬೇರೆ ಮಾಡಿದರು. ಮಗಳಿಗೆ ಒಂದು ತೂತು ರಫು ಮಾಡುವುದನ್ನೂ ಕಲಿಸಿದರು. ಚಕ್ರ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಅವಳಿಗೆ ಅಲ್ಲಿ ಮಾಡಲು ಏನೂ ಇಲ್ಲವಾಗಿ, ಕೆಳಗಿಳಿದು ಬಸ್ ನಿಲ್ದಾಣದ ಕಡೆ ನಡೆದು ಬಂದಳು. ಹೀಗೆ ನಾಲ್ಕೈದು ಸಲ ಹತ್ತಿ ಇಳಿದಳಂತೆ.

ಇಲ್ಲದ ಹುದ್ದೆಯ ಹೆಸರಿನಲ್ಲಿ ಸಹಿ ಹಾಕಿದ್ದಕ್ಕೆ ಕಚೇರಿ ಅವಳಿಗೆ ನೋಟಿಸ್ ಕೊಟ್ಟಿತು. ಮನೆ ಮಾಲೀಕನೇ ಆ ಕಾಗದದ ಪ್ರತಿಯನ್ನು ನಮಗೆ ಕಳಿಸಿದ್ದ, ತನ್ನ ಜವಾಬ್ದಾರಿ ಮುಗಿಯಿತು ಎಂದು ತಿಳಿಸಲು. ಅವಳು ತಪ್ಪಾಯಿತು ಎಂದು ಒಂದೇ ಸಾಲಿನ ಉತ್ತರ ಬರೆದಳು. ಬಡ್ತಿ ಒಂದು ವರ್ಷ ಮುಂದಕ್ಕೆ ಹೋಯಿತು. ಫೋನಿನ ಜಾಹೀರಾತು ವಿಭಾಗದಲ್ಲಿ ಅವಳಿಗೆ ಒಂದು ಕುರ್ಚಿ ಕೊಟ್ಟರು. ಪರದೆಯ ಮೇಲೆ ಸಂಖ್ಯೆ ತಾನಾಗಿ ಏರುತ್ತಿತ್ತು, ಅದನ್ನು ದಿನಕ್ಕೆ ಎರಡು ಸಲ ಬರೆದಿಡಬೇಕು. ಇದು ನಿಜವಾಗಿಯೂ ಯಾರೋ ನೋಡಿದ್ದಾ ಎಂದು ಅಲ್ಲಿನ ತಂತ್ರಜ್ಞನನ್ನು ಕೇಳಿದಳು. ಪರದೆ ಮೇಲೆ ಬಂತು ಅಂದರೆ ನೋಡಿದ ಹಾಗೆ ಎಂದ ಅವನು. ಷರಾ ಎಲ್ಲಿ ಬರೆಯುವುದು ಎಂದಳು. ಅಂಥ ಅಂಕಣ ಇಲ್ಲ ಎಂದ. ಅಲ್ಲಿ ಅವಳು ಎಂಟು ತಿಂಗಳು ಹೇಗೆ ಕಳೆದಳೋ, ಆ ಕುರ್ಚಿಯ ಕಾಲುಗಳೇ ಹೇಳಬೇಕು.

ಕೊನೆಗೆ ದಾರಿ ಹುಡುಕಿದವನು ಗಂಡ. ತೂಕ ಮತ್ತು ಅಳತೆ ಇಲಾಖೆಯವರು ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಲು ಜನ ಕೇಳಿದ್ದಾರೆ ಎಂದು ಪೇಪರಿನಲ್ಲಿ ನೋಡಿ, ಕತ್ತರಿಸಿ, ಬೀರಿನ ಬಾಗಿಲಿಗೆ ಅಂಟಿಸಿದ್ದ. ಅವಳು ಎರವಲು ಸೇವೆಗೆ ಅರ್ಜಿ ಹಾಕಿದಳು. ನಿರ್ದೇಶಕರು ಒಂದೇ ದಿನದಲ್ಲಿ ಒಪ್ಪಿಗೆ ಕೊಟ್ಟರು. ಮಗಳಿಗೆ ಈಗ ಕಾಲೇಜು. ಬಿಡುವಿದ್ದಾಗ ಅಮ್ಮನ ಜೊತೆ ಸಂತೆಗೆ ಹೋಗುತ್ತಾಳೆ. ಇಬ್ಬರೂ ಒಂದೇ ಕಡೆ ನಿಂತು ಜಗಳವಾಡುತ್ತಾರೆ ಎಂದು ಅತ್ತೆ ಹೇಳುತ್ತಾರೆ, ಮೊದಲು ಅದಕ್ಕೂ ಪುರುಸೊತ್ತಿರಲಿಲ್ಲವಂತೆ.

ಹೋದ ತಿಂಗಳು ಅವಳು ನಮ್ಮ ಕಚೇರಿಗೆ ಬಂದಿದ್ದಳು. ಭುಜಕ್ಕೆ ತೂಕದ ಬಟ್ಟುಗಳ ಪೆಟ್ಟಿಗೆ, ನೆತ್ತಿಯಲ್ಲಿ ಬೆವರು. ಕೂರು ಎಂದೆ, ಕೂರಲಿಲ್ಲ. ಚಹಾ ಕೊಟ್ಟೆ, ನಿಂತೇ ಕುಡಿದಳು. ಕುಡಿಯುತ್ತ ಕುಡಿಯುತ್ತ ಕೋಣೆಯ ಸುತ್ತ ಕಣ್ಣು ಹಾಯಿಸಿ, ಲಕೋಟೆ ತೂಗುವ ಸಣ್ಣ ತಕ್ಕಡಿಯ ಮೇಲೆ ನಿಲ್ಲಿಸಿದಳು. ಪೆಟ್ಟಿಗೆ ಬಿಚ್ಚಿ ಒಂದು ಬಟ್ಟು ಇಟ್ಟು ನೋಡಿದಳು. ತಕ್ಕಡಿ ಎರಡು ಗ್ರಾಂ ಹೆಚ್ಚು ತೋರಿಸುತ್ತಿತ್ತು. ನಿರ್ದೇಶಕರ ಹೆಸರಿಗೆ ಅಲ್ಲೇ ಒಂದು ನೋಟಿಸ್ ಬರೆದು, ನನ್ನಿಂದಲೇ ಸ್ವೀಕೃತಿ ಹಾಕಿಸಿಕೊಂಡು, ಲೋಟದಲ್ಲಿ ಅರ್ಧ ಚಹಾ ಬಿಟ್ಟು ಮೆಟ್ಟಿಲಿಳಿದು ಹೋದಳು.